ಬಿರುಬೇಸಿಗೆಯಲ್ಲಿ ಲ್ಯಾಪ್‌ಟಾಪ್ ತಂಪಾಗಿಡುವುದು ಹೇಗೆ? ಸ್ಟ್ಯಾಂಡ್, ಕೂಲಿಂಗ್ ಪ್ಯಾಡ್ ಮತ್ತು ಅದಕ್ಕೂ ಮೊದಲು ಮಾಡಬೇಕಾದ ಕೆಲಸಗಳು

“ಮಾಮಾ, ಲ್ಯಾಪ್‌ಟಾಪ್ ಭಾಳ ಬಿಸಿ ಆಗ್ಲಕತ್ತದ. ಕೂಲಿಂಗ್ ಪ್ಯಾಡ್ ಒಂದು ತಗೊಳ್ಲೇನು?” ಮೇ ತಿಂಗಳ ಒಂದು ಮಧ್ಯಾಹ್ನ ಅಕ್ಕನ ಮಗಳು ಫೋನ್ ಮಾಡಿ ಕೇಳಿದಳು. ಕಲಬುರಗಿಯ ಬೇಸಿಗೆ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗೆ 42 ಡಿಗ್ರಿ, ಮಾಳಿಗೆ ಕಾದು ಕೋಣೆಯೊಳಗೂ 36. ಅವಳದು ಎಂಜಿನಿಯರಿಂಗ್ ಕೊನೆಯ ವರ್ಷ, ಪ್ರಾಜೆಕ್ಟ್ ಒಪ್ಪಿಸುವ ಹೊತ್ತು. ಈಗಲೇ ಏನೂ ಕೊಳ್ಳಬೇಡ, ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಬಾ ಎಂದೆ.

ಆ ಭಾನುವಾರ ನಾವಿಬ್ಬರೂ ಕೂತು ಮಾಡಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಇದರಲ್ಲಿ ಕ್ರಮವೇ ಮುಖ್ಯ. ಮೊದಲು ಅಳೆಯಬೇಕು, ಆಮೇಲೆ ಎತ್ತರಿಸಬೇಕು, ಆಮೇಲೆ ಧೂಳು ತೆಗೆಯಬೇಕು, ಪ್ಯಾಡಿನ ಯೋಚನೆ ಎಲ್ಲಕ್ಕಿಂತ ಕೊನೆಗೆ. ಬಹಳ ಮಂದಿ ಕೊನೆಯದನ್ನೇ ಮೊದಲು ಮಾಡುತ್ತಾರೆ. ದುಡ್ಡು ಹೋಗುತ್ತದೆ, ಬಿಸಿ ಇದ್ದ ಹಾಗೇ ಇರುತ್ತದೆ.

ಕಾವು ಹೊರಗೆ ಹೋಗುವ ದಾರಿ

ಲ್ಯಾಪ್‌ಟಾಪಿನ ಲೆಕ್ಕವನ್ನೆಲ್ಲ ಮಾಡುವ ಮುಖ್ಯ ಚಿಪ್, ಅಂದರೆ ಪ್ರೊಸೆಸರ್, ಎಳೆದುಕೊಂಡ ವಿದ್ಯುತ್ತೆಲ್ಲ ಕಾವಾಗಿ ಹೊರಬೀಳಲೇಬೇಕು. ತೆಳ್ಳಗಿನ ಆಫೀಸ್ ಲ್ಯಾಪ್‌ಟಾಪುಗಳ ಪ್ರೊಸೆಸರ್ ಸಾಮಾನ್ಯವಾಗಿ 15ರಿಂದ 28 ವ್ಯಾಟಿನದು. ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ 45 ವ್ಯಾಟ್ ಅಥವಾ ಅದಕ್ಕೂ ಹೆಚ್ಚು, ಗ್ರಾಫಿಕ್ಸ್ ಚಿಪ್ಪಿನ ಕಾವು ಅದರ ಮೇಲೆ. ಇಷ್ಟೂ ಹುಟ್ಟುವುದು ಉಗುರಿನಗಲದ ಜಾಗದಲ್ಲಿ. ಅಲ್ಲಿಂದ ಕಾವನ್ನು ಹೊತ್ತೊಯ್ಯುವುದು ತಾಮ್ರದ ಹೀಟ್ ಪೈಪ್. ಅದರೊಳಗೆ ಒಂದಿಷ್ಟು ದ್ರವ ಇರುತ್ತದೆ. ಚಿಪ್ಪಿನ ಹತ್ತಿರ ಅದು ಆವಿಯಾಗುತ್ತದೆ, ಇನ್ನೊಂದು ತುದಿಗೆ ಹೋಗಿ ತಣಿದು ಮತ್ತೆ ದ್ರವವಾಗಿ ಹಿಂದಿರುಗುತ್ತದೆ. ಆ ತುದಿಯಲ್ಲಿ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ನಿಂತ ತೆಳು ಲೋಹದ ಹಾಳೆಗಳಿವೆ. ಫ್ಯಾನ್ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ತಳದಿಂದ ಗಾಳಿ ಎಳೆದು, ಆ ಹಲ್ಲುಗಳ ಸಂದಿಯಿಂದ ಹಿಂದಕ್ಕೋ ಪಕ್ಕಕ್ಕೋ ತಳ್ಳುತ್ತದೆ.

ಇಲ್ಲಿ ಒಂದು ಮಾತು ಮನಸ್ಸಿನಲ್ಲಿರಲಿ. ಒಳಗೆ ಹೋಗುವುದು ಕೋಣೆಯ ಗಾಳಿಯೇ. ಅದೇ ಕೆಲಸಕ್ಕೆ, ಅದೇ ಫ್ಯಾನ್ ವೇಗಕ್ಕೆ, ಕೋಣೆ 26 ಡಿಗ್ರಿ ಇದ್ದಾಗ 80 ತೋರಿಸುವ ಚಿಪ್, ಕೋಣೆ 36 ಆದಾಗ ಹೆಚ್ಚುಕಡಿಮೆ 90 ತೋರಿಸುತ್ತದೆ. ಕೂಲಿಂಗ್ ಪ್ಯಾಡ್ ತಂಪು ಹುಟ್ಟಿಸುವ ಯಂತ್ರವಲ್ಲ. ಅದು ಗಾಳಿ ಸಾಗಿಸುತ್ತದೆ, ಅಷ್ಟೇ.

ಚಿಪ್ಪಿಗೆ ಒಂದು ಮಿತಿ ಇದೆ. ಇಂಟೆಲ್‌ನ ಬಹುತೇಕ ಲ್ಯಾಪ್‌ಟಾಪ್ ಪ್ರೊಸೆಸರುಗಳಿಗೆ ಅದು 100 ಡಿಗ್ರಿ, ಎಎಂಡಿ ರೈಜನ್‌ಗಳಲ್ಲಿ ಮಾದರಿ ನೋಡಿ 95ರಿಂದ 105. ಅಲ್ಲಿಗೆ ಮುಟ್ಟುತ್ತಿದ್ದಂತೆ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇದನ್ನು ಥ್ರಾಟ್ಲಿಂಗ್ ಎನ್ನುತ್ತಾರೆ. ಅದಕ್ಕೇ ಬಿಸಿಯಾದ ಲ್ಯಾಪ್‌ಟಾಪ್ ಸುಟ್ಟುಹೋಗುವುದಕ್ಕೆ ಬಹಳ ಮುಂಚೆಯೇ ನಿಧಾನವಾಗುತ್ತದೆ. “ಹಳೇದಾಯ್ತು, ಸ್ಲೋ ಆಗಿದೆ” ಎಂದು ಮಾರಿದ ಎಷ್ಟೋ ಲ್ಯಾಪ್‌ಟಾಪುಗಳಿಗೆ ಬೇಕಾಗಿದ್ದದ್ದು ಒಂದು ಬ್ರಷ್ಷು ಮಾತ್ರ.

ಹೆಜ್ಜೆ 1: ಅಳೆಯಿರಿ

ಕೈಯಿಟ್ಟು ನೋಡಿ “ಬಿಸಿ” ಎಂದರೆ ಸಾಲದು. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್ಫೋ ಅಥವಾ ಕೋರ್ ಟೆಂಪ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಸಾಕು. ಕೋಣೆಯ ಉಷ್ಣಾಂಶಕ್ಕೆ ಗೋಡೆಗೆ ತೂಗುಹಾಕುವ ಸಾದಾ ಥರ್ಮಾಮೀಟರ್ ಇದ್ದರೆ ಒಳ್ಳೆಯದು.

ಎರಡು ಅಳತೆ ಬರೆದಿಟ್ಟುಕೊಳ್ಳಿ. ಮೊದಲನೆಯದು, ಏನೂ ಮಾಡದೆ ಹತ್ತು ನಿಮಿಷ ಸುಮ್ಮನೆ ಬಿಟ್ಟಾಗ ಎಷ್ಟಿದೆ ಎಂಬುದು. ಎರಡನೆಯದು, ನಿಮ್ಮ ಅತಿ ಭಾರದ ಕೆಲಸವನ್ನು ಹದಿನೈದು ನಿಮಿಷ ಓಡಿಸಿದಾಗ ಎಷ್ಟಕ್ಕೆ ನಿಂತಿತು ಎಂಬುದು. ಅಂಥ ಕೆಲಸ ನಿಮ್ಮಲ್ಲಿಲ್ಲದಿದ್ದರೆ ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಸಿನೆಬೆಂಚ್ ಎಂಬ ತಂತ್ರಾಂಶ ಓಡಿಸಬಹುದು. ಉಷ್ಣಾಂಶದ ಪಕ್ಕದಲ್ಲಿ ಪ್ರೊಸೆಸರ್ ವೇಗವನ್ನೂ, ಅಂದರೆ ಎಷ್ಟು ಗಿಗಾಹರ್ಟ್ಸ್ ಎಂಬುದನ್ನೂ ಬರೆದುಕೊಳ್ಳಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಿತಿ ಮುಟ್ಟಿದ ಚಿಪ್ಪಿಗೆ ನೀವು ಸ್ವಲ್ಪ ಗಾಳಿ ಕೊಟ್ಟರೆ ಅದು ಉಷ್ಣಾಂಶ ಇಳಿಸುವ ಬದಲು ಕಳೆದುಕೊಂಡ ವೇಗವನ್ನು ಮೊದಲು ವಾಪಸ್ ಪಡೆಯುತ್ತದೆ. ಡಿಗ್ರಿ ಮಾತ್ರ ನೋಡುವವರು ಏನೂ ಬದಲಾಗಲಿಲ್ಲ ಎಂದುಕೊಳ್ಳುತ್ತಾರೆ.

ನಮ್ಮ ಹುಡುಗಿಯ ಲ್ಯಾಪ್‌ಟಾಪ್ 36 ಡಿಗ್ರಿಯ ಕೋಣೆಯಲ್ಲಿ ಹದಿನೈದು ನಿಮಿಷಕ್ಕೆ 97 ಮುಟ್ಟಿ, ವೇಗ 1.9ಕ್ಕೆ ಕುಸಿದಿತ್ತು. ಫ್ಯಾನಿನ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು.

ಹೆಜ್ಜೆ 2: ಎಲ್ಲಿಂದ ಉಸಿರೆಳೆಯುತ್ತದೆ, ಎಲ್ಲಿ ಬಿಡುತ್ತದೆ?

ಲ್ಯಾಪ್‌ಟಾಪ್ ಬಂದ್ ಮಾಡಿ ತಿರುಗಿಸಿ ನೋಡಿ. ತಳದಲ್ಲಿ ಕಾಣುವ ಸೀಳುಗಳೆಲ್ಲ ನಿಜವಾದ ಗಾಳಿಕಿಂಡಿಗಳಲ್ಲ. ಕೆಲವು ಅಂದಕ್ಕೆ, ಕೆಲವು ಸ್ಪೀಕರಿಗೆ. ಟಾರ್ಚ್ ಬೆಳಕು ಹಾಯಿಸಿದರೆ ಒಳಗೆ ಫ್ಯಾನಿನ ರೆಕ್ಕೆ ಎಲ್ಲಿ ಕಾಣುತ್ತದೋ ಅಲ್ಲೇ ಅದರ ಮೂಗು. ಆಮೇಲೆ ಲ್ಯಾಪ್‌ಟಾಪ್ ಚಾಲೂ ಮಾಡಿ, ಫ್ಯಾನ್ ಜೋರಾದಾಗ ಟಿಶ್ಯೂ ಕಾಗದದ ಬೆರಳಗಲ ಪಟ್ಟಿಯೊಂದನ್ನು ಪಕ್ಕ, ಹಿಂಬದಿ, ತಳ ಎಲ್ಲ ಕಡೆ ಹಿಡಿದು ನೋಡಿ. ಎಳೆದುಕೊಂಡರೆ ಒಳಗೆ, ತಳ್ಳಿದರೆ ಹೊರಗೆ. ಇದನ್ನೊಂದು ಚೀಟಿಯಲ್ಲಿ ಚಿತ್ರ ಬರೆದು, ತಳದ ಅಂಚಿನಿಂದ ಎಷ್ಟು ಸೆಂಟಿಮೀಟರ್ ಎಂದು ಗುರುತು ಹಾಕಿಟ್ಟುಕೊಳ್ಳಿ. ಅಂಗಡಿಗೆ ಹೋಗುವಾಗ ಈ ಚೀಟಿ ಜೇಬಿನಲ್ಲಿರಲಿ.

ಫ್ಯಾನೇ ಇಲ್ಲದ ಲ್ಯಾಪ್‌ಟಾಪುಗಳೂ ಇವೆ. 2020ರಲ್ಲಿ ಬಂದ ಎಂ1 ಮ್ಯಾಕ್‌ಬುಕ್ ಏರ್ ಅಂಥದ್ದು. ಅದರ ಲೋಹದ ಮೈಯೇ ಕಾವನ್ನು ಹೊರಹಾಕುತ್ತದೆ. ತಳದಲ್ಲಿ ಫ್ಯಾನಿಗೆ ಗಾಳಿ ಎಳೆಯುವ ಕಿಂಡಿಯೇ ಇಲ್ಲ. ಅದನ್ನು ಎತ್ತರಿಸಿ ಮೈಗೆ ಗಾಳಿ ತಾಗುವಂತೆ ಮಾಡಿದರೆ ಸಾಕು, ದುಬಾರಿ ಪ್ಯಾಡ್ ಕೊಂಡು ಫಲವಿಲ್ಲ.

ಹೆಜ್ಜೆ 3: ಎರಡು ಬಾಟಲಿ ಮುಚ್ಚಳ

ಹಾಸಿಗೆ, ದಿಂಬು, ಕೌದಿ ಇವು ಮೂರೂ ಲ್ಯಾಪ್‌ಟಾಪಿನ ವೈರಿಗಳು. ಕೌದಿಯ ಮೇಲಿಟ್ಟರೆ ಬಟ್ಟೆ ಮೇಲೆದ್ದು ಗಾಳಿಕಿಂಡಿಗೆ ಅಂಟಿಕೊಳ್ಳುತ್ತದೆ, ಅದರ ನೂಲೂ ಒಳಗೆ ಹೋಗುತ್ತದೆ. ಮಂಚದ ಮೇಲೆ ಕೂತೇ ಕೆಲಸ ಮಾಡಬೇಕಾದರೆ ಕೆಳಗೊಂದು ಮರದ ಮಣೆಯನ್ನೋ ದಪ್ಪ ರಟ್ಟನ್ನೋ ಇಡಿ. ತೊಡೆಯ ಮೇಲಂತೂ ಗಂಟೆಗಟ್ಟಲೆ ಬೇಡ. ಸುಡದಷ್ಟು ಬಿಸಿಯೇ ಆದರೂ ದಿನಗಟ್ಟಲೆ ತಾಗುತ್ತಿದ್ದರೆ ಚರ್ಮದ ಮೇಲೆ ಕಂದು ಬಣ್ಣದ ಬಲೆಯಂಥ ಕಲೆ ಏಳುತ್ತದೆ. ವೈದ್ಯರು ಇದನ್ನು ಲ್ಯಾಪ್‌ಟಾಪ್ ಬಳಸುವವರಲ್ಲಿ ಗುರುತಿಸಿದ್ದಾರೆ.

ಮೇಜಿನ ಮೇಲೆ ಇಟ್ಟಾಗಲೂ ತಳಕ್ಕೂ ಮೇಜಿಗೂ ನಡುವೆ ರಬ್ಬರ್ ಕಾಲಿನ ಕೆಲವೇ ಮಿಲಿಮೀಟರ್ ಸಂದಿ. ಫ್ಯಾನ್ ಆ ಸಂದಿಯಿಂದಲೇ ಅಷ್ಟೂ ಗಾಳಿ ಎಳೆಯಬೇಕು. ಹಿಂಬದಿಯ ಎರಡು ರಬ್ಬರ್ ಕಾಲುಗಳ ಕೆಳಗೆ ಒಂದೇ ಎತ್ತರದ ಎರಡು ನೀರಿನ ಬಾಟಲಿ ಮುಚ್ಚಳ ಇಡಿ. ಜಾರುತ್ತಿದ್ದರೆ ಮುಚ್ಚಳದ ಮೇಲೆ ಕೆಳಗೆ ಹಳೆಯ ಸೈಕಲ್ ಟ್ಯೂಬಿನ ಚೂರು ಅಂಟಿಸಿ. ಒಂದೂವರೆ ಸೆಂಟಿಮೀಟರ್ ಎತ್ತರ ಸಿಕ್ಕಿತು, ಖರ್ಚು ಸೊನ್ನೆ. ಈಗ ಮತ್ತೆ ಅದೇ ಹದಿನೈದು ನಿಮಿಷದ ಪರೀಕ್ಷೆ ಮಾಡಿ.

ನಮ್ಮದರಲ್ಲಿ ಉಷ್ಣಾಂಶ 97ರಿಂದ 95ಕ್ಕೆ ಮಾತ್ರ ಇಳಿಯಿತು. ಹುಡುಗಿಯ ಮುಖ ಸಪ್ಪಗಾಯಿತು. ಆದರೆ ವೇಗ 1.9ರಿಂದ 2.3ಕ್ಕೆ ಏರಿತ್ತು. ಗಾಳಿ ಸಿಕ್ಕಿದೆ, ಆದರೆ ಒಳಗೆಲ್ಲೋ ತಡೆ ಇದೆ ಎಂಬುದು ಆಗಲೇ ಖಾತ್ರಿಯಾಯಿತು.

ಹೆಜ್ಜೆ 4: ಧೂಳು

ಇಡೀ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ಮಾಡುತ್ತೀರಾದರೆ ಇದನ್ನು ಮಾಡಿ. ವಾರಂಟಿ ಇದ್ದರೆ ಮೊದಲು ಅದರ ಷರತ್ತು ಓದಿ. ತೆರೆಯಬಾರದು ಎಂದಿದ್ದರೆ ಸರ್ವಿಸ್ ಸೆಂಟರಿಗೇ ಕೊಡಿ.

ತೆರೆಯುವುದಾದರೆ ಹೀಗೆ. ಚಾರ್ಜರ್ ತೆಗೆದು ಪೂರ್ತಿ ಶಟ್‌ಡೌನ್ ಮಾಡಿ. ಸ್ಲೀಪ್ ಸಾಲದು. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಅದರದೇ ಜಾಗದಲ್ಲಿ ಟೇಪಿನಿಂದ ಅಂಟಿಸಿ. ಸ್ಕ್ರೂಗಳು ಬೇರೆ ಬೇರೆ ಉದ್ದದವು. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿದರೆ ಮೇಲೆ ಕೀಬೋರ್ಡಿನ ಕಡೆ ಉಬ್ಬುತ್ತದೆ, ಬೋರ್ಡಿಗೂ ತಾಗಬಹುದು. ಮುಚ್ಚಳದ ಅಂಚನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ನಿಧಾನವಾಗಿ ಬಿಡಿಸಿ. ಲೋಹದ ಸ್ಕ್ರೂಡ್ರೈವರಿನಿಂದ ಮೀಟಬೇಡಿ. ತೆರೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು.

ನಮ್ಮ ಹುಡುಗಿಯ ಲ್ಯಾಪ್‌ಟಾಪ್ ತೆರೆದಾಗ ಮೇಲ್ನೋಟಕ್ಕೆ ಚೊಕ್ಕಟವಾಗಿಯೇ ಇತ್ತು. ಫ್ಯಾನಿನ ರೆಕ್ಕೆಗಳ ಮೇಲೆ ತೆಳುವಾಗಿ ಬೂದು ಬಣ್ಣ, ಅಷ್ಟೇ. ಫ್ಯಾನಿನ ಮೂರು ಸ್ಕ್ರೂ ಬಿಚ್ಚಿ ಅದನ್ನು ಪಕ್ಕಕ್ಕೆ ಸರಿಸಿದಾಗ ಕಂಡಿತು. ಫ್ಯಾನಿಗೂ ತಾಮ್ರದ ಹಲ್ಲುಗಳಿಗೂ ನಡುವೆ, ಕಂಬಳಿಯ ಅಂಚು ಕತ್ತರಿಸಿ ಇಟ್ಟ ಹಾಗೆ, ಬೆರಳುದ್ದದ ಧೂಳಿನ ಪಟ್ಟಿ. ಚಿಮಟದಿಂದ ಒಂದು ತುದಿ ಹಿಡಿದು ಎತ್ತಿದರೆ ಹರಿಯದೆ ಇಡಿಯಾಗಿ ಬಂತು. ಅದರಲ್ಲಿ ತಲೆಗೂದಲಿತ್ತು, ಕೌದಿಯ ಕೆಂಪು ನೂಲಿತ್ತು, ಮುಟ್ಟಿದರೆ ಸ್ವಲ್ಪ ಜಿಡ್ಡು. ಅವಳ ಓದುವ ಮೇಜು ಅಡುಗೆಮನೆಯ ಬಾಗಿಲಿಗೆ ಎದುರು. ದಿನಾ ಒಗ್ಗರಣೆಯ ಎಣ್ಣೆಹೊಗೆ ಧೂಳಿನ ಜೊತೆ ಸೇರಿ ಹೀಗೆ ಹೆಪ್ಪುಗಟ್ಟುತ್ತದೆ. ಹೊರಗಿನಿಂದ ಎಷ್ಟು ಊದಿದರೂ ಇಂಥದ್ದು ಬರುವುದಿಲ್ಲ. ಹೊರಗಿನಿಂದ ಎಂಥ ಪ್ಯಾಡ್ ಇಟ್ಟರೂ ಗಾಳಿ ಇದನ್ನು ದಾಟುವುದಿಲ್ಲ.

ಉಳಿದ ಧೂಳನ್ನು ಮೃದುವಾದ ಒಣ ಬ್ರಷ್ಷಿನಿಂದ ಬಿಡಿಸಿ, ಕ್ಯಾಮೆರಾ ಸ್ವಚ್ಛ ಮಾಡುವ ರಬ್ಬರ್ ಬ್ಲೋವರಿನಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿದಿರಬೇಕು. ಜೋರು ಗಾಳಿಗೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ತುದಿಯಲ್ಲಿ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಒದ್ದೆ ಬಟ್ಟೆಯಂತೂ ಬೇಡವೇ ಬೇಡ.

ನಾಲ್ಕೈದು ವರ್ಷ ಹಳೆಯ ಲ್ಯಾಪ್‌ಟಾಪ್ ಆದರೆ ಚಿಪ್ಪಿಗೂ ತಾಮ್ರಕ್ಕೂ ನಡುವೆ ಕಾವು ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಂತಾಗಿರುತ್ತದೆ. ಅದನ್ನು ಬದಲಿಸುವುದು ಕಷ್ಟದ ಕೆಲಸವಲ್ಲ, ಆದರೆ ಕೈ ನಡುಗಬಾರದು. ಮೊದಲ ಸಲವಾದರೆ ತಿಳಿದವರ ಜೊತೆ ಕೂತು ಮಾಡಿ. ಹಳೆಯದನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಚಿಪ್ ತೆಳುವಾಗಿ ಮುಚ್ಚುವಷ್ಟೇ ಹೊಸದು ಹಾಕಿ, ಸ್ಕ್ರೂಗಳ ಪಕ್ಕ ಬರೆದ 1, 2, 3, 4ರ ಕ್ರಮದಲ್ಲೇ ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡಿ. ಕೆಲವು ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ ಇರುತ್ತದೆ. ಪಾದರಸದಂತೆ ಹೊಳೆಯುವ ಈ ಲೋಹ ವಿದ್ಯುತ್ ಹರಿಸುತ್ತದೆ. ಒಂದು ಹನಿ ಬೋರ್ಡಿನ ಮೇಲೆ ಬಿದ್ದರೆ ಲ್ಯಾಪ್‌ಟಾಪ್ ಹೋಯಿತು. ಅಂಥವಕ್ಕೆ ಕೈ ಹಾಕಬೇಡಿ.

ನಾವು ಧೂಳು ತೆಗೆದು, ಪೇಸ್ಟ್ ಬದಲಿಸಿ, ಮುಚ್ಚಳಗಳ ಮೇಲೆ ಇಟ್ಟು ಮತ್ತೆ ಪರೀಕ್ಷೆ ಮಾಡಿದೆವು. 84 ಡಿಗ್ರಿ, ವೇಗ 2.9. ಕೋಣೆಯ ಉಷ್ಣಾಂಶ ಅದೇ 36.

ಹೆಜ್ಜೆ 5: ಕಾವು ಹುಟ್ಟುವುದನ್ನೇ ತಗ್ಗಿಸಿ

ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು 100ರಿಂದ 99 ಶೇಕಡಾಕ್ಕೆ ಇಳಿಸಿದರೆ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಟರ್ಬೊ ಬೂಸ್ಟ್, ಅಂದರೆ ಪ್ರೊಸೆಸರ್ ತನ್ನ ಮೂಲ ವೇಗಕ್ಕಿಂತ ಮೇಲೇರುವುದು, ನಿಲ್ಲುತ್ತದೆ. ಒಂದೇ ಒಂದು ಅಂಕಿ, ಹತ್ತಿಪ್ಪತ್ತು ಡಿಗ್ರಿ ಇಳಿದದ್ದನ್ನು ನಾನು ಕಂಡಿದ್ದೇನೆ. ಬರವಣಿಗೆ, ಆನ್‌ಲೈನ್ ಕ್ಲಾಸು, ಲೆಕ್ಕಪತ್ರದ ಕೆಲಸಕ್ಕೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಈ ಆಯ್ಕೆ ಕಾಣದ ಹೊಸ ಲ್ಯಾಪ್‌ಟಾಪುಗಳಲ್ಲಿ ಪವರ್ ಮೋಡನ್ನು ವಿದ್ಯುತ್ ಉಳಿಸುವ ಕಡೆಗೆ ಇಡಿ. ಟಾಸ್ಕ್ ಮ್ಯಾನೇಜರ್ ತೆರೆದು, ನೀವು ಏನೂ ಮಾಡದಿದ್ದಾಗ ಯಾವುದು ಪ್ರೊಸೆಸರ್ ತಿನ್ನುತ್ತಿದೆ ಎಂದೂ ಒಮ್ಮೆ ನೋಡಿ.

ಸದಾ ಚಾರ್ಜರ್ ಹಾಕಿಟ್ಟು ಕೆಲಸ ಮಾಡುವವರು ಬ್ಯಾಟರಿ 80 ಶೇಕಡಾಕ್ಕೆ ನಿಲ್ಲುವ ಆಯ್ಕೆ ಇದ್ದರೆ ಅದನ್ನು ಹಾಕಿಕೊಳ್ಳಿ. ತುಂಬಿದ ಲಿಥಿಯಂ ಬ್ಯಾಟರಿ ಬಿಸಿಯಲ್ಲಿ ಕೂತಷ್ಟೂ ಬೇಗ ಸವೆಯುತ್ತದೆ.

ಹೆಜ್ಜೆ 6: ಸ್ಟ್ಯಾಂಡ್ ಆರಿಸುವುದು

“ಅಲ್ಯೂಮಿನಿಯಂ ಸ್ಟ್ಯಾಂಡ್ ಬಿಸಿ ಹೀರಿಕೊಳ್ಳುತ್ತದೆ” ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಲ್ಯಾಪ್‌ಟಾಪ್ ಸ್ಟ್ಯಾಂಡಿಗೆ ತಾಗುವುದು ರಬ್ಬರ್ ಕಾಲುಗಳ ಮೂಲಕ. ರಬ್ಬರ್ ದಾಟಿ ಕಾವು ಹರಿಯುವುದು ಅಷ್ಟಕ್ಕಷ್ಟೇ. ಸ್ಟ್ಯಾಂಡಿನ ಉಪಕಾರ ಅದರ ಲೋಹದಲ್ಲಿಲ್ಲ, ಅದು ಬಿಡುವ ಖಾಲಿ ಜಾಗದಲ್ಲಿದೆ. ಹಾಗಾಗಿ ಮರದ್ದಾದರೂ ಸರಿ, ಗಟ್ಟಿ ಪ್ಲಾಸ್ಟಿಕ್ಕಾದರೂ ಸರಿ.

ನೋಡಬೇಕಾದದ್ದು ಬೇರೆ. ಎರಡನೇ ಹೆಜ್ಜೆಯ ಚೀಟಿ ತೆಗೆದು, ಸ್ಟ್ಯಾಂಡಿನ ತಟ್ಟೆ ನಿಮ್ಮ ಗಾಳಿಕಿಂಡಿಗೆ ಅಡ್ಡ ಬರುತ್ತದೆಯೇ ಎಂದು ಹಿಡಿದು ನೋಡಿ. ನುಣುಪಾದ ಇಡೀ ತಟ್ಟೆಯ ಸ್ಟ್ಯಾಂಡುಗಳು ನೋಡಲು ಚೆಂದ, ಆದರೆ ತಳಕ್ಕೆ ಅಂಟಿ ಕೂತು ಮೇಜಿನಷ್ಟೇ ಕೆಟ್ಟದ್ದು ಮಾಡುತ್ತವೆ. ಎರಡು ಪಟ್ಟಿಗಳ ಮೇಲೆ ಲ್ಯಾಪ್‌ಟಾಪ್ ನಿಂತು ನಡುವೆಲ್ಲ ಬಯಲಾಗಿರುವ ಮಡಚುವ ಸ್ಟ್ಯಾಂಡ್ ನನ್ನ ಆಯ್ಕೆ. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಬ್ಯಾಗಿನಲ್ಲೂ ಹಿಡಿಸುತ್ತದೆ. ಟೈಪ್ ಮಾಡುವಾಗ ಅಲುಗಾಡಿದರೆ ಬಿಟ್ಟುಬಿಡಿ.

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬಂದರೆ ಕುತ್ತಿಗೆಗೂ ಒಳ್ಳೆಯದು. ಆದರೆ ಅಷ್ಟು ಎತ್ತರದಲ್ಲಿ ಲ್ಯಾಪ್‌ಟಾಪಿನದೇ ಕೀಬೋರ್ಡ್ ಬಳಸಿದರೆ ಭುಜ, ಮಣಿಕಟ್ಟು ನೋಯುತ್ತವೆ. ಎತ್ತರ ಬೇಕೆಂದರೆ ಹೊರಗಿನ ಕೀಬೋರ್ಡ್, ಮೌಸ್ ಇಟ್ಟುಕೊಳ್ಳಿ.

ಹೆಜ್ಜೆ 7: ಕೂಲಿಂಗ್ ಪ್ಯಾಡ್ ಯಾರಿಗೆ ಬೇಕು?

ಇಷ್ಟೆಲ್ಲ ಆದಮೇಲೂ ಭಾರದ ಕೆಲಸದಲ್ಲಿ ವೇಗ ಕುಸಿಯುತ್ತಿದ್ದರೆ ಪ್ಯಾಡ್ ಬೇಕು. ಗೇಮ್ ಆಡುವವರು, ವಿಡಿಯೊ ಎಡಿಟ್ ಮಾಡುವವರು ಸಾಮಾನ್ಯವಾಗಿ ಇಲ್ಲಿಗೆ ಬರುತ್ತಾರೆ.

ಪ್ಯಾಡುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಜಾಲರಿಯ ಕೆಳಗೆ ತೆರೆದ ಫ್ಯಾನುಗಳಿರುವುದು. ಇವು ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ನಡೆಯುತ್ತವೆ. ಹಳೆಯ ಯುಎಸ್‌ಬಿ 2.0 ಪೋರ್ಟಿನ ಸಾಮಾನ್ಯ ಮಿತಿ 5 ವೋಲ್ಟಿಗೆ 500 ಮಿಲಿಆಂಪ್, ಅಂದರೆ ಎರಡೂವರೆ ವ್ಯಾಟ್. 3.0 ಪೋರ್ಟಿನದು ನಾಲ್ಕೂವರೆ ವ್ಯಾಟ್. ಅಷ್ಟರಲ್ಲಿ ಆರು ಫ್ಯಾನ್ ತಿರುಗಿದರೂ ಒಟ್ಟು ಗಾಳಿ ಹೆಚ್ಚುವುದಿಲ್ಲ. ಫ್ಯಾನಿನ ಸಂಖ್ಯೆ, ಬಣ್ಣದ ದೀಪ ನೋಡಿ ಕೊಳ್ಳಬೇಡಿ. ಸಣ್ಣ ಆರು ಫ್ಯಾನಿಗಿಂತ ನಿಮ್ಮ ಗಾಳಿಕಿಂಡಿಯ ನೇರ ಕೆಳಗೆ ನಿಧಾನವಾಗಿ ತಿರುಗುವ ದೊಡ್ಡ ಎರಡು ಫ್ಯಾನ್ ಮೇಲು, ಸದ್ದೂ ಕಡಿಮೆ. ಪ್ಯಾಡಿನ ಫ್ಯಾನ್ ನಟ್ಟನಡುವೆ ಇದ್ದು, ಲ್ಯಾಪ್‌ಟಾಪಿನ ಮೂಗು ಎರಡು ಮೂಲೆಗಳಲ್ಲಿದ್ದರೆ ಆ ಗಾಳಿ ಬ್ಯಾಟರಿಯ ಕೆಳಗೆ ಬೀಸಿ ಹೋಗುತ್ತದೆ. ಚೀಟಿ ಇಲ್ಲೂ ಬೇಕು. ಕೀಬೋರ್ಡಿನ ಕಡೆಯಿಂದ ಮಾತ್ರ ಗಾಳಿ ಎಳೆಯುವ ಲ್ಯಾಪ್‌ಟಾಪಿಗೆ ಕೆಳಗಿನ ಪ್ಯಾಡ್ ಹೆಚ್ಚು ನೆರವಾಗದು.

ಎರಡನೆಯದು ಸುತ್ತ ಸ್ಪಾಂಜಿನ ಅಂಚಿರುವುದು. ಲ್ಯಾಪ್‌ಟಾಪ್ ಇಟ್ಟರೆ ಅಂಚು ಒತ್ತಿಕೊಂಡು ಒಳಗೆ ಮುಚ್ಚಿದ ಪೆಟ್ಟಿಗೆಯಂತಾಗುತ್ತದೆ. ಜೋರಾದ ಬ್ಲೋವರ್ ಅದರೊಳಗೆ ಗಾಳಿ ತುರುಕುತ್ತದೆ, ಗಾಳಿಗೆ ಕಿಂಡಿಯೊಳಗೆ ಹೋಗದೆ ಬೇರೆ ದಾರಿಯಿಲ್ಲ. ಗೇಮಿಂಗ್ ಲ್ಯಾಪ್‌ಟಾಪಿಗೆ ನಿಜವಾಗಿ ಕೆಲಸ ಮಾಡುವುದು ಇದೇ. ಬೆಲೆ ಹೆಚ್ಚು, ಬೇರೆ ಅಡಾಪ್ಟರ್ ಬೇಕು, ಪೂರ್ತಿ ವೇಗದಲ್ಲಿ ಪಕ್ಕದವರ ಜೊತೆ ಮಾತಾಡಲಾಗದಷ್ಟು ಸದ್ದು. ಇನ್ನೊಂದು ಎಚ್ಚರ: ಗಾಳಿಯ ಜೊತೆ ಧೂಳನ್ನೂ ಇದು ಅಷ್ಟೇ ಜೋರಾಗಿ ತುರುಕುತ್ತದೆ. ಕಪ್ಪುಮಣ್ಣಿನ ಸೀಮೆಯ ಬೇಸಿಗೆ ಧೂಳಿನಲ್ಲಿ ತೊಳೆಯಬಹುದಾದ ಫಿಲ್ಟರ್ ಇಲ್ಲದ ಪ್ಯಾಡನ್ನು ಕೊಳ್ಳಲೇಬೇಡಿ. ಫಿಲ್ಟರನ್ನು ಎರಡು ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಯಾವುದೇ ಪ್ಯಾಡ್ ತಂದರೂ ಅದೇ ಹದಿನೈದು ನಿಮಿಷದ ಪರೀಕ್ಷೆ ಮಾಡಿ, ವಾಪಸ್ ಕೊಡುವ ಗಡುವಿನೊಳಗೆ ನಿರ್ಧರಿಸಿ. ನನ್ನ ಹತ್ತಿರ ಇದ್ದ ಎರಡು ಫ್ಯಾನಿನ ತೆರೆದ ಪ್ಯಾಡನ್ನು ಅಕ್ಕನ ಮಗಳ ಲ್ಯಾಪ್‌ಟಾಪಿನ ಕೆಳಗಿಟ್ಟು ನೋಡಿದೆವು. 84 ಇದ್ದದ್ದು 81ಕ್ಕೆ ಬಂತು, ವೇಗ ಅದೇ 2.9. ಮೂರು ಡಿಗ್ರಿಗೆ ದುಡ್ಡು ಹಾಕುವುದು ಬೇಡವೆಂದು ಅವಳೇ ಹೇಳಿದಳು.

ಕೋಣೆಯ ಮಾತು

ಮ್ಯಾಕ್‌ಬುಕ್ಕುಗಳಿಗೆ ಆಪಲ್ ಹೇಳುವ ಬಳಕೆಯ ಉಷ್ಣಾಂಶ 10ರಿಂದ 35 ಡಿಗ್ರಿ. ಬೇರೆ ಕಂಪನಿಗಳ ಬಹಳಷ್ಟು ಲ್ಯಾಪ್‌ಟಾಪುಗಳಿಗೂ ಮೇಲಿನ ಮಿತಿ 35ರ ಆಸುಪಾಸಿನಲ್ಲೇ ಇದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಕೋಣೆಯೇ ಆ ಗೆರೆ ದಾಟಿರುತ್ತದೆ. ಭಾರದ ಕೆಲಸವನ್ನು ಬೆಳಗಿನ ಜಾವಕ್ಕೋ ರಾತ್ರಿಗೋ ಇಟ್ಟುಕೊಂಡರೆ ಬರುವ ಲಾಭ ಯಾವ ಪ್ಯಾಡಿನಿಂದಲೂ ಬಾರದು. ಬಿಸಿಲು ಬೀಳುವ ಕಿಟಕಿಯಿಂದ ಮೇಜು ಸರಿಸಿ. ಹಿಂಬದಿ ಗೋಡೆಗೆ ಒಂದು ಗೇಣಾದರೂ ಬಿಡಿ, ಇಲ್ಲದಿದ್ದರೆ ಹೊರಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ.

ನೀರು ಹಾಕುವ ಏರ್ ಕೂಲರ್ ಒಣಹವೆಯ ನಮ್ಮ ಊರುಗಳಲ್ಲಿ ಕೋಣೆಯನ್ನು ಚೆನ್ನಾಗಿ ತಣಿಸುತ್ತದೆ. ಆದರೆ ಅದರ ಬಾಯಿಗೆ ನೇರವಾಗಿ ಲ್ಯಾಪ್‌ಟಾಪ್ ಇಡಬೇಡಿ, ತುಂತುರು ಹಾರಿ ಬರುತ್ತದೆ. ಕಿಟಕಿ ಸ್ವಲ್ಪ ತೆರೆದು ಓರೆಯಾಗಿ ಕೂತುಕೊಳ್ಳಿ. ಐಸ್ ಪ್ಯಾಕ್, ಒದ್ದೆ ಟವೆಲ್ ತಳಕ್ಕಿಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ತಣ್ಣಗಾದ ಲೋಹದ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ, ಅದೂ ಬೋರ್ಡಿನ ಮೇಲೆ. ಮಂಗಳೂರು, ಉಡುಪಿಯಂಥ ಕರಾವಳಿಯ ಹಸಿ ಹವೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಕೂಡಲೇ ನಿಲ್ಲಿಸಬೇಕಾದ ಲಕ್ಷಣ

ಟಚ್‌ಪ್ಯಾಡ್ ಉಬ್ಬಿದ್ದರೆ, ಕ್ಲಿಕ್ ಆಗದಿದ್ದರೆ, ಸಮತಟ್ಟಾದ ಮೇಜಿನ ಮೇಲೂ ಲ್ಯಾಪ್‌ಟಾಪ್ ತೊಟ್ಟಿಲಂತೆ ಆಡುತ್ತಿದ್ದರೆ ಅದು ಬರೀ ಬಿಸಿಯ ಸಮಸ್ಯೆಯಲ್ಲ. ಬ್ಯಾಟರಿ ಊದಿಕೊಂಡಿರಬಹುದು. ಚಾರ್ಜರ್ ತೆಗೆಯಿರಿ, ಬಂದ್ ಮಾಡಿ, ಒತ್ತಬೇಡಿ, ಚುಚ್ಚಬೇಡಿ. ಸುಡುವ ವಸ್ತುಗಳಿಂದ ದೂರ ಇಟ್ಟು, ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಅವರು ಹೇಳಿದಂತೆ ಒಯ್ಯಿರಿ. ತೆಗೆದ ಬ್ಯಾಟರಿಯನ್ನು ಮನೆಯ ಕಸಕ್ಕೆ ಹಾಕಬಾರದು, ಇ-ತ್ಯಾಜ್ಯ ಸಂಗ್ರಹಕ್ಕೇ ಕೊಡಬೇಕು.

ಧೂಳು ತೆಗೆಯುವುದಕ್ಕೆ ನಾನು ವರ್ಷಕ್ಕೆ ಎರಡು ಹೊತ್ತು ಇಟ್ಟುಕೊಂಡಿದ್ದೇನೆ: ಯುಗಾದಿಯ ಹಿಂದಿನ ವಾರ ಮತ್ತು ದೀಪಾವಳಿಯ ಹಿಂದಿನ ವಾರ. ಹಬ್ಬಕ್ಕೆ ಮನೆಗೆ ಸುಣ್ಣಬಣ್ಣ ಮಾಡಿಸುವುದಿದ್ದರೆ ಗೋಡೆ ಉಜ್ಜುವ ಮೊದಲೇ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಬೀರುವಿನಲ್ಲಿಡಿ. ಬಣ್ಣ ಒಣಗಿ, ನೆಲ ಒರೆಸಿದ ಮೇಲೆ ಹೊರತೆಗೆದು ಸ್ಕ್ರೂಡ್ರೈವರ್ ಹಿಡಿಯಿರಿ.